ಹನ್ನೊಂದನೆಯ ದಿನ: ಧೂಮಪಾನ ತ್ಯಾಗವನ್ನು ಕುರಿತು ಒಂದು ವಿಚಾರ

ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವದಲ್ಲಿ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಅನೇಕ ಶ್ರಾವಕರು ಬೀಡಿ ಸಿಗರೇಟುಗಳನ್ನು ಕೈಯಿಂದಲೂ ಮುಟ್ಟುವುದಿಲ್ಲ. ಇಪ್ಪತ್ತು, ಮೂವತ್ತು ವರ್ಷಗಳಿಂದ ಸೇದುತ್ತ ಬಂದವರು ಸಹ ಈ ಹತ್ತು ದಿನಗಳನ್ನು ನಿಷ್ಠೆಯಿಂದ ಪಾಲಿಸುವುದುಂಟು. ಆದರೆ ಚತುರ್ದಶಿಯ ಪೂಜೆ ಮುಗಿದ ಮರುದಿನ ಅವರಲ್ಲಿ ಹಲವರು ಮತ್ತೆ ಪಾನ್ ಅಂಗಡಿಯ ಮುಂದೆ ನಿಂತಿರುತ್ತಾರೆ. ಹತ್ತು ದಿನ ಬಿಡಲು ಸಾಧ್ಯವಾದವರಿಗೆ ಹನ್ನೊಂದನೆಯ ದಿನ ಏಕೆ ಸಾಧ್ಯವಾಗುವುದಿಲ್ಲ? ಮನಸ್ಸು ದುರ್ಬಲ ಎಂಬ ಉತ್ತರವನ್ನು ಮನೆಯವರೂ ಕೊಡುತ್ತಾರೆ, ಸೇದುವವರೂ ಒಪ್ಪಿಕೊಳ್ಳುತ್ತಾರೆ. ಈ ಉತ್ತರವು ಅಪೂರ್ಣವಾದುದು. ಹತ್ತು ದಿನ ಏಕಾಶನ ಮಾಡಿದವರನ್ನು ದುರ್ಬಲರೆಂದು ಕರೆಯುವುದು ನ್ಯಾಯವೂ ಅಲ್ಲ.

ಮೊದಲು ಒಂದು ಸಾಮಾನ್ಯ ಸಮಾಧಾನವನ್ನು ಪರಿಶೀಲಿಸಬೇಕು. ಸಪ್ತವ್ಯಸನಗಳೆಂದರೆ ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು ಮತ್ತು ಪರಸ್ತ್ರೀಸಂಗ. ಇವುಗಳಲ್ಲಿ ತಂಬಾಕಿನ ಹೆಸರಿಲ್ಲ, ಆದ್ದರಿಂದ ಅದು ವ್ಯಸನವಲ್ಲ ಎಂದು ಕೆಲವರು ವಾದಿಸುತ್ತಾರೆ. ಹೆಸರಿಲ್ಲದಿರುವುದಕ್ಕೆ ಕಾರಣ ಸರಳವಾದುದು. ಆ ಆಚಾರ್ಯರ ಕಾಲದಲ್ಲಿ ಭರತಖಂಡದಲ್ಲಿ ತಂಬಾಕೇ ಇರಲಿಲ್ಲ. ಅಮೆರಿಕ ಖಂಡದ ಈ ಗಿಡ ಪೋರ್ತುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂದಿತು. 17ನೆಯ ಶತಮಾನದ ಆರಂಭದಲ್ಲಿ ಅಕ್ಬರನ ದೂತನಾದ ಅಸದ್ ಬೇಗನು ಅದನ್ನು ವಿಜಾಪುರದಲ್ಲಿ ಕಂಡು ಮೊಗಲ್ ದರಬಾರಿಗೆ ಕೊಂಡೊಯ್ದನು. 1617ರಲ್ಲಿ ಜಹಾಂಗೀರನು ಅದರ ಸೇವನೆಯನ್ನು ನಿಷೇಧಿಸಿದನು. ನಿಷೇಧ ಉಳಿಯಲಿಲ್ಲ, ತಂಬಾಕು ಉಳಿಯಿತು.

ಹೆಸರು ಹೇಳದಿದ್ದರೂ ಶಾಸ್ತ್ರವು ಇದಕ್ಕೆ ಸ್ಥಾನವನ್ನು ಕಲ್ಪಿಸಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುವಾಗ ದೇಹಕ್ಕೆ ಅನಿಷ್ಟವಾದುದನ್ನೂ ಸಜ್ಜನರ ಸೇವನೆಗೆ ಯೋಗ್ಯವಲ್ಲದುದನ್ನೂ ಬಿಡಬೇಕೆಂದು ಹೇಳುತ್ತಾರೆ. ಅಲ್ಲಿಯೇ ಇನ್ನೊಂದು ಸೂಕ್ಷ್ಮವಿದೆ. ಸಂಕಲ್ಪಪೂರ್ವಕವಾಗಿ ಬಿಟ್ಟದ್ದು ಮಾತ್ರ ವ್ರತ. ಸಿಗಲಿಲ್ಲವೆಂದು, ವೈದ್ಯರು ಗದರಿಸಿದರೆಂದು, ಜನ ನೋಡುತ್ತಾರೆಂದು ಸೇದದೇ ಇರುವುದು ವ್ರತವಲ್ಲ. ಇನ್ನು ಬೀಡಿ ಹಚ್ಚುವುದರಿಂದ ಅಗ್ನಿಕಾಯ, ವಾಯುಕಾಯ ಜೀವಗಳಿಗೆ ಆಗುವ ಬಾಧೆಯೂ, ಪಕ್ಕದಲ್ಲಿ ಕುಳಿತ ಹೆಂಡತಿ ಮಕ್ಕಳ ಶ್ವಾಸಕೋಶಕ್ಕೆ ಆಗುವ ಬಾಧೆಯೂ ಯಾವ ಪ್ರಯೋಜನಕ್ಕೂ ಅಲ್ಲದುದರಿಂದ ಅನರ್ಥದಂಡವೆಂದೇ ಹೇಳಬೇಕಾಗುತ್ತದೆ. ಮೊದಲನೆಯದನ್ನು ಅರಿತ ಶ್ರಾವಕರು ಎರಡನೆಯದನ್ನು ಮರೆಯುವುದು ಆಶ್ಚರ್ಯದ ಸಂಗತಿ.

ಈ ಭಾಗದಲ್ಲಿ ತಂಬಾಕಿನ ಮಾತು ಆಡುವುದು ಸುಲಭವಲ್ಲ. ಗಡಹಿಂಗ್ಲಜ, ಕಾಗಲದ ಹೊಲಗಳಿಂದ ಗಡಿಯಾಚೆಯ ನಿಪ್ಪಾಣಿಯವರೆಗೆ ಬೀಡಿ ತಂಬಾಕು ಅನೇಕ ಮನೆತನಗಳಿಗೆ ಅನ್ನ ಕೊಟ್ಟಿದೆ. ಮಕ್ಕಳ ಶಾಲೆಯ ಶುಲ್ಕ, ಹೆಣ್ಣುಮಕ್ಕಳ ಮದುವೆಯ ಖರ್ಚು ಆ ಎಲೆಯಿಂದಲೇ ಬಂದುದುಂಟು. ನ್ಯಾಯವಾದ ಬೆಲೆಗಾಗಿ ನಿಪ್ಪಾಣಿಯಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ನಡೆದ 1981ರ ಚಳವಳಿಯಲ್ಲಿ ಪೊಲೀಸರ ಗೋಲಿಬಾರಿಗೆ ರೈತರು ಬಲಿಯಾದರು. ಹೀಗಿರುವಾಗ ಎಳೆಯ ವಯಸ್ಸಿನಲ್ಲೇ ಬೀಡಿ ಕೈಗೆ ಬಂದರೆ ಅದನ್ನು ಕೇವಲ ದುಷ್ಟ ಸಹವಾಸದ ಫಲವೆಂದು ಹೇಳಲಾಗದು. ಅದು ಹೊಲದಲ್ಲಿತ್ತು, ಅಂಗಳದಲ್ಲಿತ್ತು, ಅಜ್ಜನ ಜೇಬಿನಲ್ಲಿಯೂ ಇತ್ತು. ಬೆಳೆಯ ಪ್ರಶ್ನೆ ಬೇರೆಯೇ ಚರ್ಚೆಗೆ ಯೋಗ್ಯವಾದುದು. ಇಲ್ಲಿ ಸೇದುವವನ ಪ್ರಶ್ನೆಯಷ್ಟೇ ಪ್ರಸ್ತುತ.

ದೇಹದೊಳಗೆ ನಡೆಯುವುದೇನು? ಹೊಗೆಯಲ್ಲಿರುವ ನಿಕೋಟಿನ್ ಒಂದು ದಮ್ಮು ಎಳೆದ 10ರಿಂದ 20 ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟುತ್ತದೆ ಮತ್ತು ಕ್ಷಣಕಾಲ ಹಿತವಾದ ಭಾವನೆಯನ್ನು ಉಂಟುಮಾಡುತ್ತದೆ. ಸುಮಾರು ಎರಡು ತಾಸುಗಳಲ್ಲಿ ರಕ್ತದಲ್ಲಿರುವ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಮೆದುಳು ಮತ್ತೆ ಬೇಡುತ್ತದೆ. ದಿನಕ್ಕೆ 20 ಬೀಡಿ, ಒಂದು ಬೀಡಿಗೆ 10 ದಮ್ಮು ಎಂದು ಲೆಕ್ಕ ಹಿಡಿದರೂ ದಿನಕ್ಕೆ 200, ವರ್ಷಕ್ಕೆ 73,000, ಇಪ್ಪತ್ತೈದು ವರ್ಷಗಳಲ್ಲಿ 18 ಲಕ್ಷಕ್ಕೂ ಮೀರಿದ ಅಭ್ಯಾಸ. ಯಾವ ಜಪವನ್ನೂ ಇಷ್ಟು ಸಲ ಮಾಡಿದ ಗೃಹಸ್ಥರು ವಿರಳ. ಬೀಡಿಯಲ್ಲಿ ತಂಬಾಕು ಕಡಿಮೆಯಿರುವುದರಿಂದ ಹಾನಿಯೂ ಕಡಿಮೆ ಎಂಬ ನಂಬಿಕೆ ಸುಳ್ಳು. ಬೀಡಿಯ ಎಲೆ ತಾನಾಗಿ ಸರಿಯಾಗಿ ಉರಿಯದು. ಆರದಂತೆ ಮತ್ತೆ ಮತ್ತೆ, ಆಳವಾಗಿ ಎಳೆಯಬೇಕಾಗುತ್ತದೆ.

ಬಿಟ್ಟ ಮೊದಲ ಎರಡು ಮೂರು ದಿನಗಳಲ್ಲಿ ಸಿಟ್ಟು, ತಲೆನೋವು, ನಿದ್ರಾಭಂಗ, ಚಡಪಡಿಕೆ ಅತ್ಯಂತ ತೀವ್ರವಾಗಿರುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಶಾಂತವಾಗುತ್ತವೆ. ಅಂದರೆ ದಶಲಕ್ಷಣದ ಹತ್ತು ದಿನಗಳನ್ನು ಪೂರೈಸಿದ ವ್ಯಕ್ತಿ ಅತಿ ಕಡಿದಾದ ಏರನ್ನು ಈಗಾಗಲೇ ಹತ್ತಿ ಮುಗಿಸಿದ್ದಾನೆ. ಹನ್ನೊಂದನೆಯ ದಿನ ಪುನಃ ಹಚ್ಚಿದರೆ ಆ ಕಷ್ಟವೆಲ್ಲ ವ್ಯರ್ಥವಾಗಿ, ಮುಂದಿನ ವರ್ಷ ಮತ್ತೆ ಬುಡದಿಂದಲೇ ಹತ್ತಬೇಕು. ಈ ಒಂದು ಸಂಗತಿಯನ್ನು ಪರ್ವದ ಕೊನೆಯ ಪ್ರವಚನದಲ್ಲಿ ತಪ್ಪದೆ ತಿಳಿಸುವುದು ಯೋಗ್ಯ.

ಹಾಗಾದರೆ ಹನ್ನೊಂದನೆಯ ದಿನ ಸೋಲುವುದು ಏಕೆ? ಪರ್ವಕಾಲದಲ್ಲಿ ಬೀಡಿಯೊಂದೇ ದೂರವಾಗಿರುವುದಿಲ್ಲ, ಬೀಡಿಯನ್ನು ನೆನಪಿಸುವ ಸಕಲವೂ ದೂರವಾಗಿರುತ್ತದೆ. ಬೆಳಗಿನ ಚಹಾದ ಹೊತ್ತಿನಲ್ಲಿ ಅಭಿಷೇಕ, ಸಂಜೆಯ ಹರಟೆಯ ಹೊತ್ತಿನಲ್ಲಿ ಆರತಿ ಮತ್ತು ಶಾಸ್ತ್ರಶ್ರವಣ. ಇಚಲಕರಂಜಿಯ ಮಗ್ಗದ ಕೆಲಸಗಾರನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. 1904ರಲ್ಲಿ ಮೊದಲ ವಿದ್ಯುತ್ ಮಗ್ಗವನ್ನು ಕಂಡ ಆ ಊರಿನಲ್ಲಿ ಹನ್ನೆರಡು ತಾಸಿನ ಪಾಳಿ ಸಾಮಾನ್ಯ. ಹತ್ತಿಯ ಧೂಳು, ಕಿವಿಗಡಚಿಕ್ಕುವ ಸದ್ದು. ನೂಲಿಗೆ ಕಿಡಿ ತಗಲುವ ಭಯದಿಂದ ಒಳಗೆ ಸೇದುವಂತಿಲ್ಲ. ಹೊರಗೆ ಬಂದು ಚಹಾ ಕುಡಿದು ಬೀಡಿ ಹಚ್ಚುವ ಹತ್ತು ನಿಮಿಷವೇ ಅವನಿಗೆ ದೊರೆಯುವ ವಿಶ್ರಾಂತಿ. ಪರ್ವ ಮುಗಿದು ಪಾಳಿಗೆ ಮರಳಿದಾಗ ಅದೇ ಚಹಾದಂಗಡಿ, ಅದೇ ಬಾಕು, ಅದೇ ಗೆಳೆಯರು. ನಿಕೋಟಿನ್ ದೇಹದಿಂದ ಹೋಗಿದ್ದರೂ ಆ ಜಾಗ ಹೋಗಿಲ್ಲ. ಹತ್ತಿಯ ಧೂಳು ಮತ್ತು ತಂಬಾಕಿನ ಹೊಗೆ ಕೂಡಿದಾಗ ಶ್ವಾಸಕೋಶಕ್ಕೆ ಹಾನಿ ಇಮ್ಮಡಿಸುವುದರಿಂದ ಇಂಥವರಿಗೇ ತ್ಯಾಗ ಹೆಚ್ಚು ಅವಶ್ಯ, ಇಂಥವರಿಗೇ ಹೆಚ್ಚು ಕಠಿಣ. ಆ ಹತ್ತು ನಿಮಿಷವನ್ನು ಬೇರೆ ಕಡೆ, ಬೇರೆಯವರೊಡನೆ ಕಳೆಯುವ ಏರ್ಪಾಡನ್ನು ಪರ್ವ ಮುಗಿಯುವ ಮುನ್ನವೇ ಮಾಡಿಕೊಳ್ಳಬೇಕು. ಒಂದು ಸಲ ಎದ್ದ ಬಯಕೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಾನೇ ಇಳಿಯುತ್ತದೆ. ನವಕಾರ ಮಂತ್ರವನ್ನು ನಿಧಾನವಾಗಿ ಒಂಬತ್ತು ಸಲ ಹೇಳಿಕೊಳ್ಳುವಷ್ಟರಲ್ಲಿ ಅದರ ಬಿಸಿ ಕಡಿಮೆಯಾಗುತ್ತದೆ.

ಇಲ್ಲಿಯೇ ಯಮ ಮತ್ತು ನಿಯಮಗಳ ಭೇದವು ಉಪಯೋಗಕ್ಕೆ ಬರುತ್ತದೆ. ಜೀವನಪರ್ಯಂತದ ತ್ಯಾಗ ಯಮ. ಕಾಲದ ಮಿತಿಯುಳ್ಳ ತ್ಯಾಗ ನಿಯಮ. ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಹೀಗೆ ಕಾಲವನ್ನು ಗೊತ್ತುಮಾಡಿಕೊಂಡು ಬಿಡಲು ಸಮಂತಭದ್ರರು ಅವಕಾಶವಿತ್ತಿದ್ದಾರೆ. ಮೂವತ್ತು ವರ್ಷ ಸೇದಿದವನು ಆವೇಶದಲ್ಲಿ ಆಜನ್ಮ ಪ್ರತಿಜ್ಞೆ ಮಾಡಿ ವಾರದೊಳಗೆ ಮುರಿದು, ನಾಚಿಕೆಯಿಂದ ಬಸದಿಗೇ ಬಾರದಿರುವುದಕ್ಕಿಂತ ನಿಯಮವನ್ನು ಮುಂದುವರಿಸುತ್ತ ಹೋಗುವುದು ಲೇಸು. ಅನಂತ ಚತುರ್ದಶಿಯಂದು ಹತ್ತು ದಿನದ ನಿಯಮವನ್ನು ಕಾರ್ತಿಕದ ಅಷ್ಟಾಹ್ನಿಕದವರೆಗೆ ವಿಸ್ತರಿಸಿದರೆ ಐವತ್ತು ದಿನಗಳಿಗೂ ಸ್ವಲ್ಪ ಹೆಚ್ಚಾಯಿತು; ದೇಹದ ಬೇಡಿಕೆ ಅಷ್ಟರಲ್ಲಿ ಅಡಗಿರುತ್ತದೆ. ಅಲ್ಲಿಂದ ಫಾಲ್ಗುನದ ಅಷ್ಟಾಹ್ನಿಕ, ಅನಂತರ ಆಷಾಢದ್ದು. ಮತ್ತೆ ದಶಲಕ್ಷಣ ಬರುವಾಗ ಒಂದು ವರ್ಷ ತುಂಬಿರುತ್ತದೆ. ಯಮದ ಮಾತು ಆಗ ಆಡಬಹುದು.

ನಿಯಮವನ್ನು ಒಬ್ಬರ ಸಮಕ್ಷಮದಲ್ಲಿ ಸ್ವೀಕರಿಸುವುದು ಉತ್ತಮ. 1888ರಲ್ಲಿ ಇಂಗ್ಲೆಂಡಿಗೆ ಹೊರಡುವ ಮುನ್ನ ಮೋಹನದಾಸ ಗಾಂಧಿಯವರು ತಾಯಿಯ ಇಚ್ಛೆಯಂತೆ ಜೈನ ಸಾಧುಗಳಾದ ಬೇಚರಜೀ ಸ್ವಾಮಿಯವರ ಎದುರು ಮದ್ಯ, ಮಾಂಸ, ಸ್ತ್ರೀಸಂಗಗಳ ತ್ಯಾಗದ ಪ್ರತಿಜ್ಞೆ ಮಾಡಿದರು. ಪರದೇಶದ ಒಂಟಿತನದಲ್ಲಿ ಆ ಮಾತೇ ಅವರನ್ನು ಹಿಡಿದು ನಿಲ್ಲಿಸಿತೆಂಬುದು ಅವರ ಆತ್ಮಕಥೆಯಿಂದ ತಿಳಿಯುತ್ತದೆ. ಈ ಭಾಗದವರಿಗೆ ಕೊಲ್ಹಾಪುರದ ಲಕ್ಷ್ಮೀಸೇನ ಮಠವಿದೆ, ಕುಂಭೋಜದ ಬಾಹುಬಲಿ ಕ್ಷೇತ್ರವಿದೆ, ಚಾತುರ್ಮಾಸಕ್ಕೆ ನಿಲ್ಲುವ ಮುನಿಸಂಘಗಳಿವೆ. ಯಾರೂ ದೊರೆಯದಿದ್ದರೆ ಜಿನಬಿಂಬದ ಮುಂದೆ, ಹೆಂಡತಿಯನ್ನು ಸಾಕ್ಷಿಯಾಗಿ ನಿಲ್ಲಿಸಿಕೊಂಡು ಹೇಳಿದರೂ ಸಾಕು.

ತಪ್ಪಿದರೆ ಏನು ಮಾಡಬೇಕು? ಅಮಿತಗತಿ ಆಚಾರ್ಯರು ಸಾಮಾಯಿಕ ಪಾಠದಲ್ಲಿ ದೋಷದ ನಾಲ್ಕು ಮೆಟ್ಟಿಲುಗಳನ್ನು ಹೇಳಿದ್ದಾರೆ. ಮನಸ್ಸಿನ ಶುದ್ಧಿ ಕೆಡುವುದು ಅತಿಕ್ರಮ, ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ, ವಿಷಯದಲ್ಲಿ ಪ್ರವರ್ತಿಸುವುದು ಅತಿಚಾರ, ಅದರಲ್ಲಿ ಅತಿಯಾಗಿ ಆಸಕ್ತನಾಗುವುದು ಅನಾಚಾರ. ಬೀಡಿಗೆ ಇದನ್ನು ಅನ್ವಯಿಸಿದರೆ, ನೆನಪಾಗಿ ಬಾಯಲ್ಲಿ ನೀರೂರಿದ್ದು ಮೊದಲನೆಯದು. ಅಂಗಡಿಯತ್ತ ಕಾಲು ಹಾಕಿದ್ದು ಎರಡನೆಯದು. ಒಂದು ದಮ್ಮು ಎಳೆದದ್ದು ಮೂರನೆಯದು. ಹೇಗೂ ನಿಯಮ ಮುರಿಯಿತಲ್ಲ ಎಂದು ಕಟ್ಟನ್ನೇ ಕೊಂಡು ಮುಗಿಸಿದ್ದು ನಾಲ್ಕನೆಯದು. ಬಹಳ ಜನ ಮೂರರಿಂದ ನಾಲ್ಕಕ್ಕೆ ಜಾರುವುದು ಬಯಕೆಯಿಂದಲ್ಲ, ನಿರಾಶೆಯಿಂದ. ಅತಿಚಾರಕ್ಕೆ ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತಗಳಿವೆ. ಅದೇ ದಿನ ತಪ್ಪನ್ನು ಒಪ್ಪಿಕೊಂಡು ನಿಯಮವನ್ನು ಮತ್ತೆ ಹಿಡಿಯಬಹುದು. ಒಂದೇ ಪ್ರಯತ್ನದಲ್ಲಿ ಬಿಟ್ಟವರಿಗಿಂತ ಹಲವು ಸಲ ಪ್ರಯತ್ನಿಸಿ ಬಿಟ್ಟವರೇ ಹೆಚ್ಚೆಂದು ವೈದ್ಯರೂ ಬಲ್ಲರು.

ವಯಸ್ಸಾದವರು, ಇಷ್ಟು ವರ್ಷ ಸೇದಿಯಾಯಿತು, ಇನ್ನು ಬಿಟ್ಟು ಫಲವೇನು ಎನ್ನುತ್ತಾರೆ. ರಿಚರ್ಡ್ ಡಾಲ್ ಮತ್ತು ಸಂಗಡಿಗರು ಬ್ರಿಟನ್ನಿನ ವೈದ್ಯರನ್ನು ಐವತ್ತು ವರ್ಷಗಳ ಕಾಲ ಅಭ್ಯಸಿಸಿ 2004ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಅರವತ್ತರಲ್ಲಿ ಬಿಟ್ಟವರಿಗೆ ಸುಮಾರು 3 ವರ್ಷ, ಐವತ್ತರಲ್ಲಿ ಬಿಟ್ಟವರಿಗೆ 6, ನಲವತ್ತರಲ್ಲಿ ಬಿಟ್ಟವರಿಗೆ 9 ವರ್ಷಗಳಷ್ಟು ಆಯುಷ್ಯ ಉಳಿಯಿತು. ಬಿಟ್ಟು ಒಂದು ವರ್ಷವಾದರೆ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಬೀಡಿ ಇಲ್ಲದೆ ಬೆಳಿಗ್ಗೆ ಹೊಟ್ಟೆ ಶುದ್ಧಿಯಾಗದೆಂಬ ದೂರು ಸುಳ್ಳಲ್ಲ, ಆದರೆ ಕೆಲವು ವಾರಗಳದ್ದು; ಬಿಸಿನೀರು, ಕಾಳುಗಳು ಸಾಕು. ಆರಂಭದಲ್ಲಿ ಕೆಮ್ಮು ಕೊಂಚ ಹೆಚ್ಚಿದರೆ ಅಂಜಬೇಕಿಲ್ಲ, ಶ್ವಾಸನಾಳ ತನ್ನನ್ನು ತಾನು ಶುಚಿಗೊಳಿಸುತ್ತಿರುತ್ತದೆ. ಕೆಮ್ಮಿನಲ್ಲಿ ರಕ್ತ ಕಂಡರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಬೇಕು.

ಸಿಗರೇಟು ಬಿಟ್ಟು ಮಾವಾ ಹಿಡಿಯುವುದು ತ್ಯಾಗವಲ್ಲ. ಗುಟಖಾ ಮಾರಾಟವನ್ನು ಮಹಾರಾಷ್ಟ್ರ ಸರಕಾರ 2012ರಲ್ಲಿ ನಿಷೇಧಿಸಿದೆ, ಆದರೂ ಕಂಡವರಿಗೆ ಗೊತ್ತು. ತಾಯಂದಿರು ಹಲ್ಲಿಗೆ ತಿಕ್ಕುವ ಮಿಶ್ರಿಯೂ ಸುಟ್ಟ ತಂಬಾಕೇ. ಆದ್ದರಿಂದ ನಿಯಮದ ಮಾತುಗಳಲ್ಲಿ ಬೀಡಿ ಎನ್ನದೆ ತಂಬಾಕು ಎಂದೇ ಹೇಳಬೇಕು. ವೈದ್ಯರು ಕೊಡುವ ನಿಕೋಟಿನ್ ಗಮ್ ಅಥವಾ ಮಾತ್ರೆ ಔಷಧಿಯೇ ಹೊರತು ವ್ಯಸನವಲ್ಲ. ಸಂದೇಹವಿರದಂತೆ ನಿಯಮ ಸ್ವೀಕರಿಸುವಾಗಲೇ ಅದನ್ನು ಹೊರತುಪಡಿಸಿ ಹೇಳಿಕೊಳ್ಳಬಹುದು. ಕೇಂದ್ರ ಸರಕಾರ 2016ರಲ್ಲಿ ಆರಂಭಿಸಿದ 1800 11 2356 ಎಂಬ ಉಚಿತ ದೂರವಾಣಿಯಲ್ಲಿ ತಂಬಾಕು ಬಿಡುವವರಿಗೆ ಸಲಹೆ ದೊರೆಯುತ್ತದೆ.

ಪರ್ವ ಮುಗಿದು ಕ್ಷಮಾವಾಣಿಯ ದಿನ ಮನೆಮನೆಗೆ ಹೋಗಿ ಕ್ಷಮೆ ಬೇಡುವ ಪದ್ಧತಿಯುಂಟು. ಸೇದುವವರು ಆ ಕಾರ್ಯವನ್ನು ತಮ್ಮ ಮನೆಯಿಂದಲೇ, ಇಷ್ಟು ವರ್ಷ ಹೊಗೆಯನ್ನು ಉಸಿರಾಡಿದ ಹೆಂಡತಿ ಮಕ್ಕಳಿಂದಲೇ ಆರಂಭಿಸಬಹುದು. ಅನಂತರ ಹೋದ ಮೊದಲ ಮನೆಯಲ್ಲಿ ಚಹಾ ಬರುತ್ತದೆ. ಚಹಾದ ಹಿಂದೆಯೇ ಹಳೆಯ ಗೆಳೆಯನ ಕೈ ಜೇಬಿಗೆ ಹೋಗುತ್ತದೆ. ಅಣ್ಣಾ, ನಿಯಮ ಕಾರ್ತಿಕದವರೆಗೆ ಇದೆ ಎಂದು ಆ ಕ್ಷಣದಲ್ಲಿ, ನಾಲ್ಕು ಜನರ ಎದುರು, ಬಾಯಿಬಿಟ್ಟು ಹೇಳಬೇಕು.