ಹಾಸನದ ಉಪಗ್ರಹ ಶಟಲ್ ಹತ್ತಿ ಹೋದ ಕಥೆ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಬೇಲೂರು, ಹಳೇಬೀಡು ನೋಡೋಕೆ ಹೋಗಿದ್ದೆವು. ರೈಲಿನಲ್ಲಿ ಅರಸೀಕೆರೆಗೆ ಬಂದು ಇಳಿದು, ರಾತ್ರಿ ಗೆಳೆಯನ ತಾತನ ಮನೆಯಲ್ಲಿ ಉಳಿದು, ಬೆಳಿಗ್ಗೆ ಬಸ್ಸು ಹತ್ತುವುದು ಅಂತ ಪ್ಲಾನ್. ಊಟದ ಹೊತ್ತಿಗೆ ನಮ್ಮ ನಮ್ಮಲ್ಲೇ ರಾಕೆಟ್ ವಾಪಸ್ ಬಂದು ಇಳಿಯುವ ವಿಡಿಯೋಗಳ ಬಗ್ಗೆ ಮಾತು ನಡೆದಿತ್ತು. ದೂರವಾಣಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ತಾತ ಸುಮ್ಮನೆ ಕೇಳಿಸಿಕೊಳ್ಳುತ್ತಾ ಇದ್ದವರು, "ಹೋಗಿ ವಾಪಸ್ ಬರೋದು ಹೊಸದೇನಲ್ಲ ಕಣ್ರಪ್ಪಾ. ನಾವು ಟಿವೀಲಿ ರಾಮಾಯಣ ನೋಡಿದ್ದೇ ಅಂಥದ್ದೊಂದರ ಪುಣ್ಯದಿಂದ" ಅಂದರು.

ನಾವು ತಮಾಷೆ ಅಂದುಕೊಂಡೆವು. ಕಾಲೇಜಿಗೆ ಬಂದು ಲೈಬ್ರರಿಯಲ್ಲಿ ಕೂತು ನೋಡಿದ ಮೇಲೆ ಗೊತ್ತಾಯಿತು, ತಾತ ಹೇಳಿದ್ದು ಅಕ್ಷರಶಃ ನಿಜ. ಅದನ್ನೇ ಇಲ್ಲಿ ಪಾಠದ ಥರ ಬರೆಯುತ್ತಿದ್ದೇವೆ. ನಾವು ಓದಿದ್ದೆಲ್ಲಾ ಇಂಗ್ಲಿಷ್ ಮೀಡಿಯಂ, ಹಾಗಾಗಿ ಕೆಲವು ಕಡೆ ಪದ ತಡಕಾಡಿದ್ದೇವೆ, ಅಡ್ಜಸ್ಟ್ ಮಾಡಿಕೊಳ್ಳಿ.

ಮೊದಲು ಹಾಸನ. ಊರಿನ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಜನ ಎಂಸಿಎಫ್ ಅಂತಾರೆ. ದೊಡ್ಡ ದೊಡ್ಡ ಬಿಳಿ ಡಿಶ್‌ಗಳು. ಇದು ಶುರುವಾದದ್ದು 1982ರಲ್ಲಿ, ಇನ್ಸಾಟ್ ಸರಣಿಯ ಉಪಗ್ರಹಗಳನ್ನು ನೋಡಿಕೊಳ್ಳುವುದಕ್ಕೆ. ಇವು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗಿದಷ್ಟೇ ವೇಗದಲ್ಲಿ ಸುತ್ತುತ್ತವೆ. ಅದಕ್ಕೇ ನಮಗೆ ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ ಕಾಣುತ್ತವೆ. ಆದರೆ ತಾವಾಗಿಯೇ ಅಲ್ಲಿ ನಿಲ್ಲುವುದಿಲ್ಲ, ಸೂರ್ಯ ಚಂದ್ರರ ಸೆಳೆತಕ್ಕೆ ಸರಿಯುತ್ತಿರುತ್ತವೆ. ಆಗಾಗ ನೆಲದಿಂದ ಆದೇಶ ಕೊಟ್ಟು, ಚಿಕ್ಕ ಚಿಕ್ಕ ಥ್ರಸ್ಟರ್ ಉರಿಸಿ, ಜಾಗಕ್ಕೆ ತರಬೇಕು. ಆ ಕೆಲಸ ಹಾಸನದ್ದು.

ಸರಣಿಯ ಮೊದಲನೆಯದು ಇನ್ಸಾಟ್-1ಎ. 1982ರ ಏಪ್ರಿಲ್‌ನಲ್ಲಿ ಅಮೆರಿಕದ ಡೆಲ್ಟಾ ರಾಕೆಟ್‌ನಲ್ಲಿ ಹೋಯಿತು. ಒಂದಾದ ಮೇಲೊಂದು ತೊಂದರೆ ಬಂದು, ಉಪಗ್ರಹದ ಮುಖವನ್ನು ಭೂಮಿಯ ಕಡೆ ಹಿಡಿದಿಡುವ ಇಂಧನ ಸೆಪ್ಟೆಂಬರ್‌ನಲ್ಲೇ ಖಾಲಿಯಾಗಿ, ಅದನ್ನು ಕೈಬಿಡಬೇಕಾಯಿತು. ಹೊಸ ಕೇಂದ್ರ, ಮೊದಲ ಉಪಗ್ರಹ, ಆರು ತಿಂಗಳೂ ಬಾಳಲಿಲ್ಲ. ಹಾಗಾಗಿ ಮುಂದಿನ ಇನ್ಸಾಟ್-1ಬಿ ಮೇಲೆ ಎಷ್ಟು ಭಾರ ಇತ್ತು ಅಂತ ಊಹಿಸಿ.

ಆ 1ಬಿ ಹೋದದ್ದು ಸ್ಪೇಸ್ ಶಟಲ್‌ನಲ್ಲಿ.

ಶಟಲ್ ಬಗ್ಗೆ ಸ್ವಲ್ಪ. ಮನುಷ್ಯರನ್ನು ಕಕ್ಷೆಗೆ ಕರೆದೊಯ್ದು, ವಿಮಾನದ ಥರ ರನ್‌ವೇ ಮೇಲೆ ಇಳಿದು, ಮತ್ತೆ ಹಾರಿದ ಮೊದಲ ನೌಕೆ ಇದು. 1981ರ ಏಪ್ರಿಲ್ 12ರಂದು ಕೊಲಂಬಿಯಾ ಮೊದಲು ಹಾರಿತು, 2011ರ ಜುಲೈನಲ್ಲಿ ಅಟ್ಲಾಂಟಿಸ್ ಕೊನೆಯದಾಗಿ ಇಳಿಯಿತು. ಮೂವತ್ತು ವರ್ಷ, ಐದು ನೌಕೆ, 135 ಹಾರಾಟ. ಬೆನ್ನಿನಲ್ಲಿ ಉದ್ದನೆಯ ಸಾಮಾನು ಜಾಗ, ಕಾರಿನ ಡಿಕ್ಕಿ ಇದ್ದ ಹಾಗೆ. ಪಕ್ಕದಲ್ಲಿ ಎರಡು ಘನ ಇಂಧನದ ಬೂಸ್ಟರ್‌ಗಳು. ಅವು ಎರಡು ನಿಮಿಷ ಉರಿದು, ಕಳಚಿ, ಪ್ಯಾರಾಚೂಟ್‌ನಲ್ಲಿ ಸಮುದ್ರಕ್ಕೆ ಬೀಳುತ್ತಿದ್ದವು. ಹಡಗಿನಲ್ಲಿ ಎಳೆದು ತಂದು, ಬಿಚ್ಚಿ, ಮತ್ತೆ ತುಂಬಿಸುತ್ತಿದ್ದರು. ಈ ಬೂಸ್ಟರ್‌ಗಳನ್ನು ನೆನಪಿಟ್ಟುಕೊಳ್ಳಿ.

ವಾಪಸ್ ಬರುವುದು ಯಾಕೆ ಕಷ್ಟ? ಒಂದು ಲೆಕ್ಕ ಮಾಡೋಣ. ಕಕ್ಷೆಯಲ್ಲಿ ವೇಗ ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್. ಪಿಯುಸಿ ಸೂತ್ರ, ಅರ್ಧ ಎಂ ವಿ ಸ್ಕ್ವೇರ್. ಒಂದು ಕೆಜಿಗೆ ಸುಮಾರು 3 ಕೋಟಿ ಜೌಲ್ ಬರುತ್ತದೆ. ಅಷ್ಟರಲ್ಲಿ ಹನ್ನೊಂದು ಲೀಟರ್ ನೀರನ್ನು ಕುದಿಸಿ ಪೂರ್ತಿ ಆವಿ ಮಾಡಬಹುದು. ಇಳಿಯುವಾಗ ನೌಕೆಯ ಪ್ರತಿ ಕೆಜಿಯೂ ಇಷ್ಟನ್ನು ಕಳೆದುಕೊಳ್ಳಬೇಕು, ಬ್ರೇಕ್ ಹಾಕೋಕೆ ಇರೋದು ಗಾಳಿ ಮಾತ್ರ. ಹೆಚ್ಚಿನ ಶಾಖ ಗಾಳಿಗೇ ಹೋಗುತ್ತದೆ, ಆದರೂ ಮೂತಿ ಮತ್ತು ರೆಕ್ಕೆಯ ಮುಂಭಾಗ 1,600 ಡಿಗ್ರಿ ದಾಟುತ್ತಿತ್ತು. ಅಲ್ಲಿಗೆ ಕಾರ್ಬನ್ ಕವಚ. ಹೊಟ್ಟೆಯ ಭಾಗಕ್ಕೆ ಸಿಲಿಕಾ ನಾರಿನ ಬಿಲ್ಲೆಗಳು, ಇಪ್ಪತ್ತು ಸಾವಿರಕ್ಕೂ ಹೆಚ್ಚು. ಒಳಗೆ ಬಹುಪಾಲು ಬರೀ ಖಾಲಿ ಜಾಗ, ಅದಕ್ಕೇ ಹಗುರ, ಅದಕ್ಕೇ ಶಾಖ ದಾಟುವುದಿಲ್ಲ. ಕುಲುಮೆಯಿಂದ ತೆಗೆದ ಕೆಂಪಗೆ ಕಾದ ಬಿಲ್ಲೆಯ ಮೂಲೆಯನ್ನು ಬರಿಗೈಯಲ್ಲಿ ಹಿಡಿಯಬಹುದಂತೆ! ನೌಕೆಯ ಮೈ ಎಲ್ಲಾ ಕಡೆ ಒಂದೇ ತರ ಬಾಗಿಲ್ಲವಲ್ಲ, ಹಾಗಾಗಿ ಒಂದೊಂದು ಬಿಲ್ಲೆಗೂ ಅದರದೇ ಆಕಾರ, ಅದರ ಮೇಲೆ ಅದರ ನಂಬರು.

ಇದನ್ನು ಓದುವಾಗ ಬೇಲೂರು ನೆನಪಾಯಿತು. ಚೆನ್ನಕೇಶವ ದೇವಸ್ಥಾನದ ಮದನಿಕೆಯರ ಕೆಳಗೆ ದಾಸೋಜ, ಚಾವಣ ಅಂತ ಕೆತ್ತಿದವರ ಹೆಸರು ಇದೆ. 1117ರಲ್ಲಿ ಪ್ರತಿಷ್ಠೆಯಾದ ಗುಡಿಯಲ್ಲಿ ಯಾವ ಕಲ್ಲು ಯಾರ ಕೈಯದ್ದು ಅಂತ ಇವತ್ತೂ ಹೇಳಬಹುದು. ನಮ್ಮ ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಯಾವ ಜಾಬ್ ಯಾರದ್ದು ಅಂತ ಎರಡನೇ ದಿನಕ್ಕೇ ಗೊತ್ತಾಗಲ್ಲ, ಆ ವಿಷಯ ಬಿಡಿ.

ಈಗ ಕಥೆಗೆ ಬರೋಣ. ಎಸ್‌ಟಿಎಸ್-8 ಅನ್ನೋದು ಹಾರಾಟದ ಹೆಸರು, ನೌಕೆ ಚಾಲೆಂಜರ್. ರಿಚರ್ಡ್ ಟ್ರೂಲಿ ಕಮಾಂಡರ್, ಡೇನಿಯಲ್ ಬ್ರಾಂಡೆನ್‌ಸ್ಟೈನ್ ಪೈಲಟ್. ಜೊತೆಗೆ ಡೇಲ್ ಗಾರ್ಡನರ್, ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಅಮೆರಿಕನ್ ಗೈಯನ್ ಬ್ಲೂಫರ್ಡ್, 54 ವಯಸ್ಸಿನ ಡಾಕ್ಟರ್ ವಿಲಿಯಂ ಥಾರ್ನ್‌ಟನ್. 1983ರ ಆಗಸ್ಟ್ 30, ಫ್ಲೋರಿಡಾದಲ್ಲಿ ಮಧ್ಯರಾತ್ರಿ ಕಳೆದು ಎರಡೂವರೆ. ಶಟಲ್ ಅದಕ್ಕೂ ಮೊದಲು ಕತ್ತಲೆಯಲ್ಲಿ ಹಾರಿರಲಿಲ್ಲ. ಹಾರಿಸಿದ್ದು ಯಾಕೆ ಅಂದರೆ ನಮಗೋಸ್ಕರ. ಇನ್ಸಾಟ್ ಸರಿಯಾದ ಜಾಗಕ್ಕೆ ಸೇರಬೇಕು, ಅದರ ಮೇಲೆ ನೆಲದಿಂದ ಕಣ್ಣಿಡಲು ಆಗಬೇಕು ಅಂದರೆ ಆ ಹೊತ್ತಿಗೇ ಹೊರಡಬೇಕಿತ್ತು. ಅಲ್ಲಿ ಕಗ್ಗತ್ತಲೆ, ಹಾಸನದಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆ.

ಮರುದಿನ ಡಿಕ್ಕಿ ಬಾಗಿಲು ತೆರೆದು, ಉಪಗ್ರಹವನ್ನು ಬುಗುರಿ ಥರ ತಿರುಗಿಸಿ, ಸ್ಪ್ರಿಂಗ್‌ನಿಂದ ಹೊರಗೆ ತಳ್ಳಿದರು. ಬುಗುರಿ ಯಾಕೆ? ತಿರುಗುವ ವಸ್ತು ದಿಕ್ಕು ಬದಲಿಸುವುದಿಲ್ಲ. ಶಟಲ್ ಹಾರುವುದು ಕೆಲವೇ ನೂರು ಕಿಲೋಮೀಟರ್ ಎತ್ತರದಲ್ಲಿ, ಅಲ್ಲಿಂದ ಮೇಲಕ್ಕೆ ಒಯ್ಯಲು ಬೇರೆ ಮೋಟಾರು ಕಟ್ಟಿರುತ್ತಾರೆ. ಅದು ಉರಿಯುವಾಗ ಮೂತಿ ಅತ್ತಿತ್ತ ಆಗಬಾರದು.

ಎಲ್ಲಾ ಸರಿ ಹೋಯಿತು ಅನ್ನುವಾಗ, ಮೇಲೆ ಹೋದ ಇನ್ಸಾಟ್‌ನ ಸೌರಫಲಕ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಫಲಕ ಬಿಚ್ಚದಿದ್ದರೆ ಕರೆಂಟ್ ಇಲ್ಲ. ಹತ್ತಿರ ಹೋಗಿ ನೋಡುವ ಹಾಗಿಲ್ಲ, ಶಟಲ್ ಅಷ್ಟು ಎತ್ತರಕ್ಕೆ ಹೋಗುವುದೇ ಇಲ್ಲ. ಹಾಸನದವರ ಕೈಯಲ್ಲಿ ಇದ್ದದ್ದು ಉಪಗ್ರಹ ಕಳಿಸುವ ಅಂಕಿಗಳು ಮಾತ್ರ, ಇಷ್ಟು ವೋಲ್ಟು, ಇಷ್ಟು ಬಿಸಿ ಅಂತ. ಅಷ್ಟರಿಂದಲೇ ಮೇಲೆ ಏನಾಗಿದೆ ಅಂತ ಊಹಿಸಬೇಕು. ಉಪಗ್ರಹ ಕಟ್ಟಿದ ಫೋರ್ಡ್ ಏರೋಸ್ಪೇಸ್ ಕಂಪನಿಯವರೂ ನಮ್ಮವರೂ ಸೇರಿ ಸೆಪ್ಟೆಂಬರ್ ಮಧ್ಯದವರೆಗೂ ಒದ್ದಾಡಿ, ಕೊನೆಗೂ ಫಲಕ ಬಿಚ್ಚಿಸಿದರು. ಅಕ್ಟೋಬರ್‌ನಲ್ಲಿ ಇನ್ಸಾಟ್-1ಬಿ ಪೂರ್ಣ ಕೆಲಸಕ್ಕೆ ನಿಂತಿತು. ಪೂರ್ವ ರೇಖಾಂಶ 74 ಡಿಗ್ರಿ ಅದರ ಜಾಗ. ದೂರವಾಣಿ, ಮೋಡಗಳ ಚಿತ್ರ, ದೂರದರ್ಶನ ಎಲ್ಲಾ ಅದರ ಮೇಲೆ. 1987ರಲ್ಲಿ ರಾಮಾಯಣ ಧಾರಾವಾಹಿ ಶುರುವಾದಾಗ ದೇಶದ ಬಳಿ ಇದ್ದ ಇನ್ಸಾಟ್ ಇದೊಂದೇ. ಭಾನುವಾರ ಬೆಳಿಗ್ಗೆ ದೆಹಲಿಯಿಂದ ಮೇಲಕ್ಕೆ ಹೋಗಿ, ಅಲ್ಲಿಂದ ಊರೂರಿನ ಟ್ರಾನ್ಸ್‌ಮಿಟರ್‌ಗೆ ಇಳಿಯುತ್ತಿತ್ತು. ತಾತ ಹೇಳಿದ್ದು ಇದನ್ನೇ.

ನಮಗೆ ನಿದ್ದೆ ಕೆಡಿಸಿದ ಭಾಗ ಇನ್ನು ಮುಂದೆ ಇದೆ.

ಸಮುದ್ರದಿಂದ ಎತ್ತಿ ತಂದ ಆ ಹಾರಾಟದ ಬೂಸ್ಟರ್‌ಗಳನ್ನು ಬಿಚ್ಚಿ ನೋಡಿದರು. ಬೆಂಕಿ ಹೊರಬರುವ ನಾಜಲ್ ಒಳಗೆ ಸುಮಾರು 8 ಸೆಂಟಿಮೀಟರ್ ದಪ್ಪದ ಒಳಪದರ ಇರುತ್ತದೆ. ಅದು ಸವೆಯುವುದಕ್ಕೇ ಇರುವುದು, ಅರ್ಧದಷ್ಟು ಸವೆದರೆ ಸರಿ. ಒಂದು ಬೂಸ್ಟರ್‌ನಲ್ಲಿ ಒಂದು ಕಡೆ ಉಳಿದಿದ್ದದ್ದು 5 ಮಿಲಿಮೀಟರ್. ಇನ್ನು ಹದಿನಾಲ್ಕು ಸೆಕೆಂಡ್ ಉರಿದಿದ್ದರೆ ನಾಜಲ್ ಒಡೆಯುತ್ತಿತ್ತು ಅಂತ ಒಂದು ಅಂದಾಜು. ಐದು ಜನ, ಚಾಲೆಂಜರ್, ಇನ್ಸಾಟ್, ಯಾವುದೂ ಉಳಿಯುತ್ತಿರಲಿಲ್ಲ. ಹಾರಾಟದಲ್ಲಿ ಇದರ ಸುಳಿವು ಯಾರಿಗೂ ಸಿಕ್ಕಿರಲಿಲ್ಲ. ಬೂಸ್ಟರ್ ಸಮುದ್ರದಲ್ಲಿ ಮುಳುಗಿ ಹೋಗಿದ್ದರೆ "ಹಾರಾಟ ಯಶಸ್ವಿ" ಅಂತಲೇ ಬರೆದಿರುತ್ತಿದ್ದರು.

ತಾತನಿಗೆ ಫೋನ್ ಮಾಡಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಮ್ಮ ರಾಮಾಯಣ ಒಂದು ಬೆರಳಿನ ದಪ್ಪಕ್ಕಿಂತ ಕಮ್ಮೀಲಿ ಉಳೀತು ಅನ್ನಿ" ಅಂದರು.

ಮರುಬಳಕೆ ಅಂದ ಕೂಡಲೇ ನಾವೆಲ್ಲಾ ದುಡ್ಡು ಉಳಿಯುತ್ತೆ ಅಂತೀವಿ. ಶಟಲ್‌ನಲ್ಲಿ ದುಡ್ಡೇನೂ ಅಂದುಕೊಂಡ ಹಾಗೆ ಉಳಿಯಲಿಲ್ಲ. ವಾರಕ್ಕೊಂದು ಹಾರಾಟ ಅಂತ ಕನಸಿತ್ತು, ಅತಿ ಹೆಚ್ಚು ಹಾರಿದ 1985ರಲ್ಲೇ ಒಂಬತ್ತು ಮಾತ್ರ. ಬಿಲ್ಲೆ ಒಂದೊಂದೇ ಪರೀಕ್ಷಿಸು, ಎಂಜಿನ್ ಬಿಚ್ಚು, ಕಟ್ಟು, ಇದರಲ್ಲೇ ತಿಂಗಳುಗಳು. ನಮ್ಮ ಪ್ರಕಾರ ಮರುಬಳಕೆಯ ನಿಜವಾದ ಲಾಭ ಬೇರೆ. ಯಂತ್ರ ವಾಪಸ್ ಬರುತ್ತದೆ, ತನಗೆ ಏನಾಯಿತು ಅಂತ ತಾನೇ ತೋರಿಸುತ್ತದೆ. ಹಾಸನದವರಿಗೆ ಸಿಗದ ಅನುಕೂಲ ಅದು. ಆದರೆ ತೋರಿಸಿದ್ದನ್ನು ನೋಡಬೇಕಲ್ಲ?

ಇದೇ ಬೂಸ್ಟರ್‌ಗಳ ಕೀಲುಗಳಲ್ಲಿ ಬಿಸಿ ಅನಿಲ ನುಸುಳದ ಹಾಗೆ ರಬ್ಬರ್ ಉಂಗುರ ಇರುತ್ತದೆ, ಓ-ರಿಂಗ್. ವಾಪಸ್ ಬಂದ ಬೂಸ್ಟರ್‌ಗಳಲ್ಲಿ ಅದು ಸುಟ್ಟು ಸವೆದಿರುವುದು 1981ರ ಎರಡನೇ ಹಾರಾಟದಲ್ಲೇ ಕಂಡಿತ್ತು. ಆಮೇಲೂ ಕಂಡಿತು. ಪ್ರತಿ ಸಲ ನೌಕೆ ಸುರಕ್ಷಿತವಾಗಿ ಬಂದದ್ದರಿಂದ, ಇಷ್ಟು ಸವೆದರೆ ಪರವಾಗಿಲ್ಲ ಅಂತ ಅಭ್ಯಾಸವಾಯಿತು. 1986ರ ಜನವರಿ 28ರ ಬೆಳಿಗ್ಗೆ ಫ್ಲೋರಿಡಾದಲ್ಲಿ ವಿಪರೀತ ಚಳಿ. ಚಳಿಗೆ ರಬ್ಬರ್ ಗಟ್ಟಿಯಾಗುತ್ತದೆ, ಹಾರಿಸಬೇಡಿ ಅಂತ ಬೂಸ್ಟರ್ ಕಂಪನಿಯ ಎಂಜಿನಿಯರ್‌ಗಳು ಹಿಂದಿನ ರಾತ್ರಿ ವಾದಿಸಿದ್ದರು. ಹಾರಿಸಿದರು. ಎಪ್ಪತ್ತಮೂರು ಸೆಕೆಂಡ್. ನಮ್ಮ ಇನ್ಸಾಟ್ ಹೊತ್ತ ಅದೇ ಚಾಲೆಂಜರ್, ಏಳು ಜನರ ಸಮೇತ ಹೋಯಿತು.

ಅಲ್ಲಿ ನಮ್ಮದೂ ಒಂದು ಸೀಟು ಹೋಯಿತು. ಮುಂದಿನ ಇನ್ಸಾಟ್-1ಸಿ ಅದೇ 1986ರಲ್ಲಿ ಶಟಲ್‌ನಲ್ಲೇ ಹೋಗಬೇಕಿತ್ತು, ಜೊತೆಗೆ ಇಸ್ರೋದ ಒಬ್ಬ ಎಂಜಿನಿಯರ್ ಕೂಡ. ನಾಗಪತಿ ಚಿದಂಬರ ಭಟ್ ಮತ್ತು ಪಿ. ರಾಧಾಕೃಷ್ಣನ್ ನಾಯರ್ ಇಬ್ಬರನ್ನೂ ಆರಿಸಿದ್ದರು. ರಾಕೇಶ್ ಶರ್ಮಾ ಹೆಸರು ಎಲ್ಲರಿಗೂ ಗೊತ್ತು, ಈ ಎರಡು ಹೆಸರು ನಮ್ಮ ಕ್ಲಾಸಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹಾರಾಟ ರದ್ದಾಯಿತು. ಇನ್ಸಾಟ್-1ಸಿ 1988ರಲ್ಲಿ ಯುರೋಪಿನ ಏರಿಯಾನ್ ರಾಕೆಟ್‌ನಲ್ಲಿ ಹೋಯಿತು. ಅವರಿಬ್ಬರೂ ಹೋಗಲೇ ಇಲ್ಲ.

ಹದಿನೇಳು ವರ್ಷ ಆದ ಮೇಲೆ ಅದೇ ಪಾಠ ಮತ್ತೆ. ಶಟಲ್‌ನ ದೊಡ್ಡ ಟ್ಯಾಂಕಿನಿಂದ ಫೋಮ್ ಚೂರು ಕಿತ್ತು ಬಡಿಯುವುದು ಹಳೆಯ ವಿಷಯ, ವಾಪಸ್ ಬಂದ ನೌಕೆಗಳ ಬಿಲ್ಲೆಗಳ ಮೇಲೆ ಗುರುತು ಇರುತ್ತಿತ್ತು. 2002ರ ಅಕ್ಟೋಬರ್‌ನಲ್ಲೂ ಒಂದು ದೊಡ್ಡ ತುಂಡು ಕಿತ್ತಿತ್ತು. 2003ರ ಜನವರಿ 16ರಂದು ಕೊಲಂಬಿಯಾದ ಎಡ ರೆಕ್ಕೆಯ ಮುಂಭಾಗಕ್ಕೇ ಬಡಿಯಿತು. ಫೆಬ್ರವರಿ 1ರಂದು ಇಳಿಯುವಾಗ ಆ ತೂತಿನಿಂದ ಬಿಸಿ ಅನಿಲ ಒಳಗೆ ನುಗ್ಗಿತು. ಏಳು ಜನರಲ್ಲಿ ಕಲ್ಪನಾ ಚಾವ್ಲಾ ಒಬ್ಬರು. ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಮ್ಮ ಹಾಗೇ ಬಿಇ ಓದಿದವರು.

ಕೆಲವೇ ದಿನಗಳಲ್ಲಿ ಇಸ್ರೋದ ಹವಾಮಾನ ಉಪಗ್ರಹ ಮೆಟ್‌ಸ್ಯಾಟ್‌ಗೆ ಕಲ್ಪನಾ-1 ಅಂತ ಹೆಸರಿಟ್ಟರು. ನೋಡಿಕೊಂಡದ್ದು ಹಾಸನ. ಅದಕ್ಕೆ ಕೊಟ್ಟ ಜಾಗ ಪೂರ್ವ ರೇಖಾಂಶ 74 ಡಿಗ್ರಿ, ಇಪ್ಪತ್ತು ವರ್ಷ ಹಿಂದೆ ಚಾಲೆಂಜರ್ ಹೊತ್ತ ಇನ್ಸಾಟ್ ನಿಂತಿದ್ದ ಅದೇ ಜಾಗ. ಕಾಕತಾಳೀಯ ಅಷ್ಟೇ. ಆದರೂ ಅದನ್ನು ಓದಿದಾಗ ನಾವು ನಾಲ್ಕು ಜನ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಈಗ ಹೋಗಿ ಬರುವ ಯಂತ್ರ ನಮ್ಮ ರಾಜ್ಯದಲ್ಲೇ ಇಳಿಯುತ್ತಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರದ ಪರೀಕ್ಷಾ ವಲಯದಲ್ಲಿ ಇಸ್ರೋದ ರೆಕ್ಕೆಯ ನೌಕೆ, ಹೆಸರು ಪುಷ್ಪಕ (ತಾತನಿಗೆ ಹೇಳಿದಾಗ ನಕ್ಕರು). ಜನ ಹೋಗುವ ನೌಕೆಯಲ್ಲ, ಪರೀಕ್ಷೆಯ ಮಾದರಿ. ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿಲೋಮೀಟರ್ ಮೇಲಿಂದ ಬಿಟ್ಟರೆ ತಾನೇ ದಾರಿ ಹುಡುಕಿ ರನ್‌ವೇಗೆ ಬರುತ್ತದೆ. 2023ರ ಏಪ್ರಿಲ್ 2, 2024ರ ಮಾರ್ಚ್ 22, ಜೂನ್ 23, ಹೀಗೆ ಮೂರು ಸಲ ಇಳಿಯಿತು. ಕೊನೆಯ ಸಲ ಬೇಕಂತಲೇ 500 ಮೀಟರ್ ಪಕ್ಕಕ್ಕೆ ಬಿಟ್ಟಿದ್ದರು, ತಿದ್ದಿಕೊಂಡು ಬಂತು. ನಮಗೆ ಮುಖ್ಯ ಅನ್ನಿಸಿದ್ದು, ಎರಡನೇ ಸಲ ಇಳಿದ ಅದೇ ದೇಹ, ಅದೇ ವ್ಯವಸ್ಥೆಗಳನ್ನು ಮೂರನೇ ಸಲಕ್ಕೂ ಹಾಗೇ ಬಳಸಿದರು.

ಇನ್ನು ಶುಭಾಂಶು ಶುಕ್ಲಾ. 2025ರಲ್ಲಿ ಅವರು ಹೋದ ಡ್ರ್ಯಾಗನ್ ಮರುಬಳಕೆಯ ನೌಕೆ, ಕೆಳಗಿನ ಫಾಲ್ಕನ್ ಬೂಸ್ಟರ್ ಆಗಲೇ ಒಂದು ಸಲ ಹಾರಿ ಬಂದದ್ದು. ಜೂನ್ 11ಕ್ಕೆ ಹಾರಬೇಕಿತ್ತು. ಪರೀಕ್ಷೆಗೆಂದು ಎಂಜಿನ್ ಉರಿಸಿ ನೋಡಿದಾಗ ಬೂಸ್ಟರ್‌ನಲ್ಲಿ ದ್ರವ ಆಮ್ಲಜನಕ ಸೋರುವುದು ಕಂಡಿತು. ಸರಿಪಡಿಸಿ ಮತ್ತೆ ಪರೀಕ್ಷೆ ಮಾಡಿಯೇ ಹೊರಡಬೇಕು ಅಂತ ಅಲ್ಲಿದ್ದ ಇಸ್ರೋ ತಂಡ ಪಟ್ಟು ಹಿಡಿಯಿತು. ಹಾರಾಟ ಮುಂದಕ್ಕೆ ಹೋಯಿತು. ಆಮೇಲೆ ಬಾಹ್ಯಾಕಾಶ ನಿಲ್ದಾಣದಲ್ಲಿ ಬೇರೆ ಸೋರಿಕೆಯ ಪರಿಶೀಲನೆ, ಇನ್ನಷ್ಟು ತಡ. ನ್ಯೂಸ್‌ನಲ್ಲಿ ಮತ್ತೆ ಮತ್ತೆ "ಮುಂದೂಡಿಕೆ" ಅಂತ ಬಂದಾಗ ನಾವೂ ಬೇಜಾರು ಮಾಡಿಕೊಂಡಿದ್ದೆವು, ಸುಳ್ಳು ಯಾಕೆ ಹೇಳೋದು. ಜೂನ್ 25ಕ್ಕೆ ಹೊರಟು, ಧಾರವಾಡದಿಂದ ಕಳಿಸಿದ್ದ ಹೆಸರುಕಾಳು, ಮೆಂತ್ಯವನ್ನು ಮೇಲೆ ಮೊಳಕೆ ಬರಿಸಿ, ಜುಲೈ 15ಕ್ಕೆ ಶುಕ್ಲಾ ವಾಪಸ್ ಬಂದರು.