ಅಂಟು ಹಚ್ಚುವ ಮೊದಲು

ಅಳಿಯಾ, ಫೋಟೊ ನೋಡಿದೆ. ರೆಕ್ಕೆ ಬಿಚ್ಚಿದ ಡ್ರ್ಯಾಗನ್ನು, ಅದರ ಬೆನ್ನೇರಿದ ಈಟಿಯ ಸವಾರ, ಎಲ್ಲ ಬಿಡಿಬಿಡಿಯಾಗಿ ಚೀಲದಲ್ಲಿ. ನಾಟಿಂಗ್‌ಹ್ಯಾಮಿಗೆ ಓದಲು ಹೋದವನಿಗೆ ಆಟದ ಗೊಂಬೆ ಜೋಡಿಸುವ ಈ ಹುಚ್ಚು ಹತ್ತದಿದ್ದರೆ ಆಶ್ಚರ್ಯಪಡಬೇಕಿತ್ತು. ವಾರ್‌ಹ್ಯಾಮರ್ ಆಟದ ಗೇಮ್ಸ್ ವರ್ಕ್‌ಶಾಪ್ ಕಂಪನಿ ಇರುವುದೇ ಆ ಊರಲ್ಲಿ. ಆದರೆ ಫೋಟೊದ ಕೆಳಗೆ ‘ಇವತ್ತು ರಾತ್ರಿಯೇ ಜೋಡಿಸಿ ಮುಗಿಸ್ತೀನಿ ಮಾವ’ ಅಂತ ಬರೆದಿದ್ದೀಯಲ್ಲ, ಅದಕ್ಕೇ ಈ ಕಾಗದ. ಇವತ್ತು ರಾತ್ರಿ ಅಂಟಿನ ಮುಚ್ಚಳ ತೆಗೆಯಬೇಡ.

ಇಲ್ಲಿಯವರೆಗೆ ನೀನು ಜೋಡಿಸಿದ್ದೆಲ್ಲ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕು. ಲೋಹದ ಅಚ್ಚಿಗೆ ಯಂತ್ರ ಒತ್ತಿ ತುಂಬಿಸಿದ್ದು. ಸಾವಿರ ಡಬ್ಬಿ ತೆರೆದರೂ ಒಂದೇ ಥರ. ಈ ಡ್ರ್ಯಾಗನ್ನು ರೆಸಿನ್ನಿನದು, ರೆಸಿನ್ ಹಾಗಲ್ಲ. ಎರಡು ದ್ರವ ಬೆರೆಸಿ, ಸಿಲಿಕೋನ್ ರಬ್ಬರಿನ ಅಚ್ಚಿಗೆ ಹೊಯ್ದು, ಗಟ್ಟಿಯಾದ ಮೇಲೆ ಬಿಡಿಸುತ್ತಾರೆ. ಹೆಚ್ಚಿನದು ಕೈಕೆಲಸವೇ. ರಬ್ಬರು ಬಾಗುತ್ತದೆ, ಅದಕ್ಕೇ ಡ್ರ್ಯಾಗನ್ನಿನ ಬಾಯೊಳಗಿನ ಹಲ್ಲೂ ಮುರಿಯದೆ ಹೊರಬರುತ್ತದೆ. ಅದೇ ರಬ್ಬರು ಕೆಲವು ಡಜನ್ ಎರಕಕ್ಕೆ ಹರಿಯಲೂ ಶುರುವಾಗುತ್ತದೆ. ಹಾಗಾಗಿ ಈ ಕಿಟ್ ಬಗ್ಗೆ ಇನ್ನೊಬ್ಬರು ಹೊಗಳಿದ್ದು, ತೆಗಳಿದ್ದು ನಿನ್ನ ಡಬ್ಬಿಗೆ ಅನ್ವಯಿಸಲೇಬೇಕೆಂದಿಲ್ಲ. ಅವರಿಗೆ ಬಂದದ್ದು ಹೊಸ ಅಚ್ಚಿನ ಮಾಲಿರಬಹುದು, ನಿನಗೆ ಬಂದದ್ದು ಸವೆದ ಅಚ್ಚಿನದು. 2011ರಲ್ಲಿ ಗೇಮ್ಸ್ ವರ್ಕ್‌ಶಾಪ್ ತನ್ನ ಹಲವು ಲೋಹದ ಗೊಂಬೆಗಳನ್ನು ಫೈನ್‌ಕಾಸ್ಟ್ ಹೆಸರಿನ ರೆಸಿನ್‌ಗೆ ಬದಲಾಯಿಸಿದಾಗ ಆಟಗಾರರ ಬಾಯಲ್ಲೆಲ್ಲ ಗಾಳಿಗುಳ್ಳೆಯದೇ ಮಾತು. ಕೆಲವರಿಗೆ ಮಾತ್ರ ಒಂದೂ ಗುಳ್ಳೆ ಇಲ್ಲದ ಗೊಂಬೆ ಸಿಕ್ಕಿತ್ತು. ಇಬ್ಬರು ಹೇಳಿದ್ದೂ ನಿಜವೇ.

ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಆಯುಷ್ಯ ಕಳೆದವನು ನಾನು. ಸಿಲಿಕೋನು, ಗುಳ್ಳೆ, ಉಜ್ಜುವ ಧೂಳು ಇವುಗಳ ವಿಷಯದಲ್ಲಿ ನನ್ನ ಮಾತು ಕೇಳು.

ನಾಳೆ ಬೆಳಕಿದ್ದಾಗ ಕಿಟಕಿ ಪಕ್ಕ ಕೂತು, ಪಟ್ಟಿ ನೋಡಿ ತುಂಡುಗಳನ್ನು ಎಣಿಸು. ಆಮೇಲೆ ಒಂದೊಂದನ್ನೇ ಬೆಳಕಿಗೆ ಓರೆಯಾಗಿ ಹಿಡಿ. ಕೂದಲೆಳೆಯಂಥ ಗೆರೆ ಕಂಡರೆ ಅದು ಅಚ್ಚಿನ ಎರಡು ಭಾಗ ಸೇರಿದ ಜಾಗ, ಚಾಕುವಿನ ಬೆನ್ನಿನಿಂದ ಕೆರೆದರೆ ಹೋಗುತ್ತದೆ. ಗೆರೆಯ ಬದಲು ತೆಳ್ಳನೆಯ ಪೊರೆಯೇ ಎದ್ದು ನಿಂತಿದ್ದರೆ ಅಚ್ಚಿಗೆ ವಯಸ್ಸಾಗಿದೆ ಅಂತ ಲೆಕ್ಕ. ಮುಖದ ಎಡಭಾಗ ಒಂದು ಮಟ್ಟ, ಬಲಭಾಗ ಇನ್ನೊಂದು ಮಟ್ಟ ಇದ್ದರೆ ಅಚ್ಚು ಜಾರಿದೆ. ಕಾಲಿನಲ್ಲಾದರೆ ತಿದ್ದಬಹುದು, ಮುಖದಲ್ಲಾದರೆ ವಾಪಸು ಕಳಿಸುವುದೇ ಸರಿ. ಗುಳ್ಳೆಗಳು ಸಾಮಾನ್ಯವಾಗಿ ಬೆರಳ ತುದಿ, ಉಗುರು, ಕೊಂಬಿನ ಮೊನೆಯಲ್ಲಿ ಇರುತ್ತವೆ. ಹೊಯ್ಯುವಾಗ ಗಾಳಿ ಹೋಗಿ ಸಿಕ್ಕಿಕೊಳ್ಳುವುದು ಅಲ್ಲೇ. ಒಳ್ಳೆಯ ಎರಕದವರು ಅಚ್ಚನ್ನು ಒತ್ತಡದ ಪಾತ್ರೆಯಲ್ಲಿಟ್ಟು ಆ ಗಾಳಿಯನ್ನು ಕಣ್ಣಿಗೆ ಕಾಣದಷ್ಟು ಕುಗ್ಗಿಸುತ್ತಾರೆ. ಮೇಲೆ ನಯವಾಗಿ ಕಂಡು ಒಳಗೆ ಪೊಳ್ಳಿರುವ ಕಳ್ಳಗುಳ್ಳೆಯೂ ಇರುತ್ತದೆ. ಬೆಳಕಿನಲ್ಲಿ ಸ್ವಲ್ಪ ಮಸುಕಾಗಿ ಕಾಣುವ ಚುಕ್ಕೆಯನ್ನು ಸೂಜಿಮೊನೆಯಿಂದ ಒತ್ತು, ಪುಟ್ ಅಂತ ಒಡೆಯುತ್ತದೆ. ಬಣ್ಣ ಹಚ್ಚಿದ ಮೇಲೆ ಒಡೆಯುವುದಕ್ಕಿಂತ ಈಗಲೇ ಒಡೆಯಲಿ.

ಈಟಿ ಬಿಲ್ಲಿನಂತೆ ಬಾಗಿದೆ ಅಂತ ಗಾಬರಿಯಾಗಬೇಡ. ಅದು ದೋಷವೇ ಅಲ್ಲ. ಕುದಿಯುವ ನೀರು ಬಟ್ಟಲಿಗೆ ಹಾಕಿ ಈಟಿಯನ್ನು ಕೆಲವು ಸೆಕೆಂಡು ಅದ್ದು. ಮೆತ್ತಗಾದಾಗ ಚಪ್ಪಟೆ ಗಾಜಿನ ಮೇಲೆ ನೆಟ್ಟಗೆ ಮಾಡಿ ತಣ್ಣೀರಿಗೆ ಹಾಕು. ರೆಕ್ಕೆಗೆ ಇನ್ನಷ್ಟು ಹೊತ್ತು ಬೇಕಾದೀತು.

ತಿದ್ದಲಾಗದ ದೋಷ ಕಂಡರೆ ಏನನ್ನೂ ಕತ್ತರಿಸದೆ ಫೋಟೊ ತೆಗೆದು ಮಾರಿದವರಿಗೆ ಬರೆ. ಕತ್ತರಿಸಿದ ಮೇಲೆ ಯಾರ ತಪ್ಪು ಅಂತ ಹೇಳುವುದು ಕಷ್ಟ. ಈಗ 3ಡಿ ಪ್ರಿಂಟರಿನಲ್ಲಿ ಬೆಳೆಸಿದ ರೆಸಿನ್ ಗೊಂಬೆಗಳೂ ಬಹಳ ಮಾರಾಟವಾಗುತ್ತವೆ. ಅದು ಬೇರೆ ಜಾತಿ, ಬೆಳಕಿಗೆ ಗಟ್ಟಿಯಾಗುವಂಥದ್ದು. ಮೈ ಅಂಟಂಟಾಗಿದ್ದರೆ ಪೂರ್ತಿ ಗಟ್ಟಿಯಾಗಿಲ್ಲ, ಬರಿಗೈಯಲ್ಲಿ ಮುಟ್ಟಬೇಡ. ಹೊಟ್ಟೆ ಪೊಳ್ಳಾಗಿದ್ದು, ದ್ರವ ಸೋರಿಹೋಗಲು ತೂತು ಇಲ್ಲದಿದ್ದರೆ ಒಳಗೆ ಉಳಿದ ರೆಸಿನ್ ತಿಂಗಳುಗಳ ನಂತರ ಮೈ ಸೀಳಿಕೊಂಡು ಹೊರಬರಬಹುದು.

ನಿನ್ನದು ಎರಕದ್ದು. ಅಚ್ಚಿನಿಂದ ಸಲೀಸಾಗಿ ಬಿಡಲಿ ಅಂತ ಬಳಿದ ಜಿಡ್ಡು ಅದರ ಮೇಲಿರುತ್ತದೆ. ಉಗುರುಬೆಚ್ಚನೆಯ ನೀರು, ಪಾತ್ರೆ ತೊಳೆಯುವ ಸೋಪು, ಹಳೇ ಟೂತ್‌ಬ್ರಶ್ಶು ಸಾಕು. ಜಿಡ್ಡು ಉಳಿದರೆ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ.

ಈಗ ಧೂಳಿನ ಮಾತು. ಇಲ್ಲಿ ನಾನು ತಮಾಷೆ ಮಾಡುವುದಿಲ್ಲ. ರೆಸಿನ್ ಉಜ್ಜುವಾಗ, ಕೊಯ್ಯುವಾಗ ಏಳುವ ಧೂಳು ಬಹಳ ಸಣ್ಣದು, ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಹಾನಿ. ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ, ತುಂಡನ್ನೂ ಒದ್ದೆ ಮಾಡಿ ಉಜ್ಜು. 400 ನಂಬರಿನಿಂದ ಶುರು ಮಾಡಿ 800ಕ್ಕೆ ಮುಗಿಸು. ಗರಗಸ ಆಡಿಸುವಾಗ ಕರ್ಚೀಫು ಕಟ್ಟಿಕೊಂಡರೆ ಸಾಲದು, ಅಲ್ಲಿ ಸಿಗುವ ಎಫ್‌ಎಫ್‌ಪಿ3 ಮಾಸ್ಕ್ ತಗೋ. ಮೇಜನ್ನು ಗುಡಿಸಬೇಡ, ಒದ್ದೆ ಬಟ್ಟೆಯಿಂದ ಒರೆಸು. ಮಲಗುವ ಕೋಣೆಯಲ್ಲೇ ಈ ಕೆಲಸ ಮಾಡುತ್ತೀ ಅಂತ ನಿನ್ನ ಅಮ್ಮನಿಗೆ ಗೊತ್ತಾದರೆ ನನಗೂ ಬೈಗುಳ ತಪ್ಪಿದ್ದಲ್ಲ.

ಪ್ಲಾಸ್ಟಿಕ್ ಕಿಟ್ಟಿನ ಅಂಟು ಇಲ್ಲಿ ಉಪಯೋಗವಿಲ್ಲ. ಅದು ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುತ್ತದೆ, ರೆಸಿನ್‌ನ ಮೇಲೆ ಅದರ ಆಟ ನಡೆಯುವುದಿಲ್ಲ. ಸೂಪರ್ ಗ್ಲೂ ಬೇಕು, ನಮ್ಮ ಫೆವಿಕ್ವಿಕ್ ಜಾತಿಯದು. ಅದು ಎಳೆತ ತಡೆಯುತ್ತದೆ, ಪಕ್ಕದ ಪೆಟ್ಟು ತಡೆಯುವುದಿಲ್ಲ. ಅಷ್ಟಗಲದ ರೆಕ್ಕೆ ಬರೀ ಅಂಟಿನ ಮೇಲೆ ನಿಂತರೆ ಮೊದಲನೇ ಆಟದಲ್ಲೇ ಕಳಚಿ ಬೀಳುತ್ತದೆ, ಒಳಗೆ ತಂತಿ ಕೂರಿಸಲೇಬೇಕು. ರೆಕ್ಕೆಯ ಬುಡದಲ್ಲಿ ಪಿನ್ ವೈಸ್ ಅನ್ನುವ ಪುಟ್ಟ ಕೈಡ್ರಿಲ್ಲಿನಿಂದ 1 ಮಿಲಿಮೀಟರಿನ ತೂತು ಕೊರೆ. ತೂತಿನ ಬಾಯಿಗೆ ಒಂದು ತೊಟ್ಟು ಹಸಿ ಬಣ್ಣ ಮುಟ್ಟಿಸಿ, ರೆಕ್ಕೆಯನ್ನು ಅದರ ಜಾಗದಲ್ಲಿ ಒಂದೇ ಸಲ ಒತ್ತಿ ತೆಗೆ. ಭುಜದ ಮೇಲೆ ಚುಕ್ಕೆ ಬೀಳುತ್ತದೆ. ಎರಡನೇ ತೂತು ಅಲ್ಲಿಗೇ. ಹಿತ್ತಾಳೆ ತಂತಿ ಇಟ್ಟು, ಅಂಟಿಲ್ಲದೆ ಮೊದಲು ಕೂರಿಸಿ ನೋಡು, ತಿರುಗಿಸಿ ನೋಡು. ಆಮೇಲಷ್ಟೇ ಅಂಟು, ಅದೂ ಸಾಸಿವೆಯಷ್ಟು.

ಸಂದು ಉಳಿದರೆ ಗ್ರೀನ್ ಸ್ಟಫ್ ಅನ್ನುವ ಪುಟ್ಟಿ ಇದೆ. ನೀಲಿ, ಹಳದಿ ಎರಡನ್ನೂ ಹಸಿರಾಗುವವರೆಗೆ ನಾದಿ, ಒದ್ದೆ ಮಾಡಿದ ಉಪಕರಣದಿಂದ ತುಂಬು. ಇಲ್ಲಿಂದ ಎಂ-ಸೀಲ್ ಕಳಿಸಲಾ ಅಂತ ನಿನ್ನ ಅತ್ತೆ ಕೇಳುತ್ತಿದ್ದಾಳೆ. ಕೊಳಾಯಿಗೆ ಸರಿ, ಈ ನಯಗೆಲಸಕ್ಕೆ ಒರಟು.

ಜೋಡಿಸಿದ ಮೇಲೆ ಕಿಟ್ ಹೇಗಿದೆ ಅಂತ ಗೆಳೆಯರು ಕೇಳುತ್ತಾರೆ. ಆಗ ಮೂವರ ಲೆಕ್ಕ ಬೇರೆಬೇರೆ ಬರೆ. ಜೋಡಣೆಯ ಗೆರೆ ಕವಚದಡಿ, ಬೆಲ್ಟಿನಡಿ ಮರೆಯಾಗಿದೆಯೋ, ನಡುಎದೆಯಲ್ಲೇ ಹಾದುಹೋಗಿದೆಯೋ, ಅದು ಶಿಲ್ಪಿಯ ಲೆಕ್ಕ. ಗುಳ್ಳೆ, ಜಾರಿದ ಅಚ್ಚು, ಎರಕ ಹೊಯ್ದ ದಾರಿಯಲ್ಲಿ ಉಳಿದು ಮುಖದ ಮೇಲೇ ಬಂದು ಕೂತ ತೊಟ್ಟು, ಅದು ಎರಕದವರದು. ಬೆರಳಚ್ಚು, ಅಂಟು ಹೆಚ್ಚಾಗಿ ಸುತ್ತ ಹರಡಿದ ಬಿಳಿ ಮಂಜು, ಅದು ನಿನ್ನದು. ಹೆಚ್ಚಿನವರು ಮೂರನ್ನೂ ಕಲಸಿ ಒಂದು ಅಂಕ ಕೊಟ್ಟುಬಿಡುತ್ತಾರೆ. ದುಡ್ಡು ಜಾಸ್ತಿ ಕೊಟ್ಟ ಸಿಟ್ಟಿಗೆ ಡ್ರ್ಯಾಗನ್ನಿನ ಮೂಗು ಸೊಟ್ಟ ಅನ್ನುವವರೂ ಇದ್ದಾರೆ. ಅಳತೆಯನ್ನೂ ನೋಡು: 28 ಮಿಲಿಮೀಟರ್ ಅಂತ ಡಬ್ಬಿಯ ಮೇಲಿದ್ದರೂ ಒಬ್ಬೊಬ್ಬ ತಯಾರಕರದು ಒಂದೊಂದು ಗಾತ್ರ. ಮೇಜಿನ ಆಚೆಯಿಂದಲೂ ಕಾಣಲಿ ಅಂತ ತಲೆ, ಕೈ ದೊಡ್ಡದು ಮಾಡಿರುತ್ತಾರೆ. ಸವಾರನನ್ನು ನಿನ್ನ ಹಳೇ ಸೈನಿಕರ ಪಕ್ಕ ನಿಲ್ಲಿಸಿದರೆ ಹೊಂದುತ್ತಾನೋ ಇಲ್ಲವೋ ತಿಳಿಯುತ್ತದೆ.

ಸವಾರನನ್ನು ಡ್ರ್ಯಾಗನ್ನಿಗೆ ಈಗಲೇ ಅಂಟಿಸಬೇಡ, ಜೀನಿನ ಕೆಳಗೆ ಕುಂಚ ಹೋಗುವುದಿಲ್ಲ. ಪ್ರೈಮರನ್ನು ಮಳೆ ಹಿಡಿದ ದಿನ ಹೊಡೆಯಬೇಡ. ಆ ಊರಲ್ಲಿ ಹಾಗಂದರೆ ಯಾವತ್ತು ಹೊಡೆಯಲಿ ಅಂತ ಕೇಳುತ್ತೀಯ, ಗೊತ್ತು. ಪ್ರೈಮರ್ ಒಣಗಿದ ಮೇಲೆ ಬಣ್ಣದ ವಿಷಯಕ್ಕೆ ಫೋನ್ ಮಾಡು. ನಿಮ್ಮ ರಾತ್ರಿ ಹನ್ನೆರಡಕ್ಕೆ ಮಾತ್ರ ಬೇಡ, ಇಲ್ಲಿ ಆಗ ಇನ್ನೂ ಹಾಲಿನವನೂ ಬಂದಿರುವುದಿಲ್ಲ.