ಲಾಗಿನ್‌ನಲ್ಲೇ ನಿಂತುಬಿಡುವ ಕಂಪ್ಯೂಟರ್

ಪಾಸ್‌ವರ್ಡ್ ಕೊಟ್ಟ ಮೇಲೆ ಕಚೇರಿಯ ಕಂಪ್ಯೂಟರ್ ‘ವೆಲ್‌ಕಮ್’ ಪರದೆಯಲ್ಲೇ ನಿಂತುಬಿಡುತ್ತದೆ ಎಂದು ಬರೆದಿದ್ದೀರಿ. ದಯವಿಟ್ಟು ಈಗಲೇ ವಿಂಡೋಸ್ ಮತ್ತೆ ಹಾಕಿಸಲು ಹೋಗಬೇಡಿ. ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಇದ್ದರೆ ಅದನ್ನೂ ಆಫ್ ಮಾಡಿ ಲಾಗಿನ್ ಆಗಿ ನೋಡಿ. ಹಿಂದೆ ಅದೇ ಯಂತ್ರದಲ್ಲಿ ಲಾಗಿನ್ ಆಗಿದ್ದವರನ್ನು ವಿಂಡೋಸ್ ಸಾಮಾನ್ಯವಾಗಿ ನೆನಪಿಟ್ಟುಕೊಂಡಿರುತ್ತದೆ. ಸರ್ವರ್ ಸಿಗದಿದ್ದರೂ ಒಳಗೆ ಬಿಡುತ್ತದೆ. ಹಾಗೆ ಥಟ್ಟನೆ ತೆರೆದುಕೊಂಡರೆ ತೊಂದರೆ ಬಹುತೇಕ ನೆಟ್‌ವರ್ಕ್ ಕಡೆಯದು. ಆಗಲೂ ನಿಂತರೆ ಹಾರ್ಡ್‌ಡಿಸ್ಕ್, ಆ್ಯಂಟಿವೈರಸ್ ಪರೀಕ್ಷಿಸಿ.

ನೆಟ್‌ವರ್ಕ್ ಎಂದಾದರೆ ನನ್ನ ಮೊದಲ ಅನುಮಾನ ಡಿಎನ್‌ಎಸ್ ಮೇಲೆ. ಇಂಟರ್‌ನೆಟ್ ಚುರುಕಾಗಲಿ ಎಂದು ಯಾರೋ ಅಲ್ಲಿ 8.8.8.8 ಹಾಕಿರುತ್ತಾರೆ. ಗೂಗಲ್‌ನ ಆ ಸರ್ವರ್‌ಗೆ ನಿಮ್ಮ ಕಚೇರಿಯೊಳಗಿನ ಡೊಮೇನ್ ಕಂಟ್ರೋಲರ್ (ಲಾಗಿನ್ ಪರಿಶೀಲಿಸುವ ಸರ್ವರ್) ಎಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ಕಂಪ್ಯೂಟರ್ ಅದನ್ನು ಹುಡುಕುತ್ತಲೇ ಕೂರುತ್ತದೆ. ಡಿಎನ್‌ಎಸ್ ಜಾಗದಲ್ಲಿ ಕಚೇರಿಯ ಸರ್ವರ್ ವಿಳಾಸವೇ ಇರಲಿ. ಎರಡನೆಯ ಸಾಲಿನಲ್ಲೂ ಹೊರಗಿನದು ಬೇಡ.

ಅದು ಸರಿಯಿದ್ದರೆ, ತೆಗೆದುಹಾಕಿದ ಹಳೆಯ ಸರ್ವರ್‌ಗೆ ಜೋಡಿಸಿದ್ದ ಡ್ರೈವ್ ಅಥವಾ ಪ್ರಿಂಟರ್ ಇನ್ನೂ ಉಳಿದಿದೆಯೇ ನೋಡಿ, ಇದ್ದರೆ ಅಳಿಸಿ. ರೋಮಿಂಗ್ ಪ್ರೊಫೈಲ್ ಇದ್ದವರು ಡೆಸ್ಕ್‌ಟಾಪ್ ಮೇಲೆ ವಿಡಿಯೊ ಪೇರಿಸಿಡಬಾರದು. ಬೇರೆ ಯಂತ್ರದಲ್ಲಿ ಕೂತಾಗ ಅವೆಲ್ಲ ಸರ್ವರ್‌ನಿಂದ ಇಳಿಯುವವರೆಗೆ ಕಾಯಬೇಕಾಗುತ್ತದೆ. ಇಷ್ಟಾದರೂ ಸರಿಹೋಗದಿದ್ದರೆ ಈವೆಂಟ್ ವ್ಯೂವರ್‌ನಲ್ಲಿ ಆ ಹೊತ್ತಿನ ಕೆಂಪು ಗುರುತುಗಳನ್ನು ಬರೆದು ಕಳಿಸಿ.